ಅಜ್ಜಿಯ ನಾಲ್ಕನೇ ಹತ್ತು ಮಣಿ

ನಮ್ಮಜ್ಜಿ ಜಪ ಹೇಳುತ್ತಿದ್ದದ್ದು ತೆಲುಗಿನಲ್ಲಿ, ಜಗಳ ಆಡುತ್ತಿದ್ದದ್ದು ಕನ್ನಡದಲ್ಲಿ. ಎಷ್ಟೋ ಸಂಜೆ ಎರಡೂ ಒಟ್ಟಿಗೇ ನಡೆಯುತ್ತಿದ್ದವು. ಏಳು ಗಂಟೆಗೆ ಮಾತೆ ಮರಿಯಮ್ಮನ ಪಟದ ಮುಂದೆ ಮೇಣದಬತ್ತಿ ಹಚ್ಚಿ ಎಲ್ಲರೂ ಮಂಡಿಯೂರಿದರೆ, ಒಂದು ಮಣಿಗೂ ಇನ್ನೊಂದು ಮಣಿಗೂ ನಡುವಿನ ಸಂದಿಯಲ್ಲಿ "ಏ, ಹಾಲು ಉಕ್ಕಾಕತ್ತೈತಿ, ನೋಡ್ರಲೇ" ಎಂದು ಕೂಗಿ, ಅದೇ ಉಸಿರಿನಲ್ಲಿ ಮತ್ತೆ ತೆಲುಗಿಗೆ ಇಳಿಯುತ್ತಿದ್ದಳು. ಹಾಲಿನ ಕೂಗು ದೇವರಿಗೂ ಕೇಳಿಸುತ್ತದಲ್ಲ ಎಂದು ನಾವು ನಕ್ಕರೆ, ಮಂಡಿಯ ಮೇಲೆ ಇನ್ನೈದು ನಿಮಿಷ ಹೆಚ್ಚು.

ಜಪಮಾಲೆಯಲ್ಲಿ ಹತ್ತತ್ತು ಮಣಿಯ ಐದು ಭಾಗ. ಅಜ್ಜಿ ಐದಕ್ಕೂ ಒಬ್ಬೊಬ್ಬ ವಾರಸುದಾರನನ್ನು ಗೊತ್ತು ಮಾಡಿದ್ದಳು. ಮೊದಲ ಹತ್ತು ತೀರಿಹೋದವರಿಗೆ. ಎರಡನೆಯದು ಕಂಪ್ಲಿಗೆ ಕೊಟ್ಟ ಮಗಳಿಗೆ, ಅಂದರೆ ನಮ್ಮ ದೊಡ್ಡಮ್ಮನಿಗೆ. ಮೂರನೆಯದು ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ ಮಗನಿಗೆ. ಐದನೆಯದು ಮೊಮ್ಮಕ್ಕಳ ಪರೀಕ್ಷೆಗೆ. ಅದರ ಫಲಿತಾಂಶದ ಬಗ್ಗೆ ಇಲ್ಲಿ ಬರೆಯುವುದು ಬೇಡ. ನಾಲ್ಕನೆಯದು ಡ್ಯಾಮಿಗೆ.

ಹೌದು, ತುಂಗಭದ್ರಾ ಡ್ಯಾಮಿಗೆ. ಅಜ್ಜಿ ಹೊಸಪೇಟೆಗೆ ಬಂದದ್ದೇ ಅದಕ್ಕಾಗಿ. ರಾಯಲಸೀಮೆಯ ಒಣ ಊರಿನಿಂದ ಹದಿನಾಲ್ಕರ ಹುಡುಗಿ ಅಪ್ಪ–ಅಮ್ಮನ ಜೊತೆ ಕೂಲಿಗೆ ಬಂದಳು. 1945ರಲ್ಲಿ ಅಡಿಗಲ್ಲು ಬಿದ್ದ ಕೆಲಸ ಆಗ ಭರದಿಂದ ಸಾಗಿತ್ತು. ನದಿಯ ಈಚೆ ದಡ ಮದ್ರಾಸಿನದು, ಆಚೆ ದಡ ನಿಜಾಮರದು. ಈ ಅಣೆಕಟ್ಟು ಇಂದಿನ ಹಾಗೆ ಕಾಂಕ್ರೀಟಿನದಲ್ಲ. ಕಲ್ಲಿನದು, ನಡುವೆ ಸುಣ್ಣ ಮತ್ತು ಸುರ್ಕಿಯ ಗಾರೆ. ಸುಟ್ಟ ಇಟ್ಟಿಗೆಯ ಆ ಪುಡಿಯ ಗಾರೆಯನ್ನು ಬುಟ್ಟಿಯಲ್ಲಿ ಹೊತ್ತೂ ಹೊತ್ತೂ ನೆತ್ತಿಯ ಮೇಲೆ ಅಂಗೈಯಗಲ ಕೂದಲು ಉದುರಿತ್ತು. ಚರ್ಚಿನಲ್ಲಿ ಸೆರಗು ಹೊದ್ದುಕೊಳ್ಳುವುದು ಭಕ್ತಿಗಷ್ಟೇ ಅಲ್ಲ ಎಂದು ನಮಗೆ ಗೊತ್ತಾದದ್ದು ತಡವಾಗಿ.

1953ರ ಜುಲೈನಲ್ಲಿ ಕಾಲುವೆಗೆ ನೀರು ಬಂತು. ಅದೇ ಅಕ್ಟೋಬರ್ 1ಕ್ಕೆ ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿತು. "ನಾನು ಕುಂತಲ್ಲೇ ಕುಂತಿದ್ದೆ, ರಾಜ್ಯನೇ ಎದ್ದು ಹೋತು" ಎನ್ನುತ್ತಿದ್ದಳು. ಜೊತೆಗೆ ಬಂದವರಲ್ಲಿ ಬಹಳ ಮಂದಿ ಮುಂದಿನ ಡ್ಯಾಮು ಹುಡುಕಿಕೊಂಡು ಹೋದರು. ಅಜ್ಜಿ ಹೋಗಲಿಲ್ಲ. ಅಷ್ಟು ಹೊತ್ತಿಗೆ ಇಲ್ಲೇ ಮದುವೆಯಾಗಿತ್ತು, ಒಂದು ಕೂಸೂ ಆಗಿತ್ತು.

ಅಣೆಕಟ್ಟಿಗೆ ಗೇಟುಗಳು 33. ಯೇಸುಸ್ವಾಮಿ ಭೂಮಿಯ ಮೇಲಿದ್ದದ್ದೂ 33 ವರ್ಷ. ಇದು ಹಾಗೇ ಸುಮ್ಮನೆ ಕೂಡಿಬಂದ ಲೆಕ್ಕ ಎಂದು ಅಜ್ಜಿ ಸಾಯುವವರೆಗೂ ಒಪ್ಪಲಿಲ್ಲ. ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಗುರುಗಳೊಬ್ಬರು, "ಅಮ್ಮಾ, ಅದು ಎಂಜಿನಿಯರುಗಳ ಲೆಕ್ಕ" ಎಂದು ತಿದ್ದಲು ಹೋದರು. "ನೀವು ಸುರ್ಕಿ ಹೊತ್ತೀರೇನು, ಸ್ವಾಮಿ?" ಎಂದಳು. ಮಾತು ಅಲ್ಲಿಗೇ ನಿಂತಿತು.

ಗುರುಗಳ ಮೇಲೆ ಅವಳಿಗೆ ಹಳೆಯ ತಕರಾರೂ ಒಂದಿತ್ತು. ಅವಳ ಹರೆಯದಲ್ಲಿ ಪೂಜೆ ಲ್ಯಾಟಿನ್‌ನಲ್ಲಿ. ಗುರುಗಳು ಜನರಿಗೆ ಬೆನ್ನು ಕೊಟ್ಟು ಪೀಠದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಅರವತ್ತರ ದಶಕದ ವ್ಯಾಟಿಕನ್ ಮಹಾಸಭೆಯ ಮೇಲೆ ಪೂಜೆ ಕನ್ನಡಕ್ಕೆ ಬಂತು, ಗುರುಗಳು ಜನರ ಕಡೆ ತಿರುಗಿದರು. ಲೋಕವೆಲ್ಲ ಸಂತೋಷಪಟ್ಟಿತು. ಅಜ್ಜಿ ಮಾತ್ರ, "ಮೊದ್ಲು ಸ್ವಾಮಿ ಅವರ ಪಾಡಿಗೆ ದೇವರ ಜೊತಿ ಮಾತಾಡ್ತಿದ್ರು, ನಾನು ನನ್ನ ಪಾಡಿಗೆ ಜಪ ಮಾಡ್ತಿದ್ದೆ. ಈಗ ಮಾರಿ ನೋಡಿ ಮಾತಾಡ್ತಾರ, ಕೇಳಬೇಕಾಗ್ತೈತಿ" ಎಂದು ಗೊಣಗುತ್ತಿದ್ದಳು. ಪೂಜೆಯ ಸುಧಾರಣೆಯನ್ನು ಕುರಿತು ನಾನು ಆಮೇಲೆ ಓದಿದ ಯಾವ ಲೇಖನದಲ್ಲೂ ಇಷ್ಟು ಪ್ರಾಮಾಣಿಕ ಆಕ್ಷೇಪ ಸಿಗಲಿಲ್ಲ.

ಡ್ಯಾಮಿಗೂ ಎರಡನೇ ಹತ್ತು ಮಣಿಗೂ ನಂಟಿತ್ತು. ಮಳೆಗಾಲದಲ್ಲಿ ಗೇಟು ತೆರೆದರೆಂದರೆ ಊರೆಲ್ಲ ಮಿರ್ಚಿ–ಮಂಡಕ್ಕಿ ಕಟ್ಟಿಕೊಂಡು ನೀರು ನೋಡಲು ಹೋಗುತ್ತಿತ್ತು. ಅಜ್ಜಿ ಮಾತ್ರ ಮನೆಯಲ್ಲೇ ಕೂತು, ಬಂದವರನ್ನೆಲ್ಲ "ಎಷ್ಟು ತಗದಾರ?" ಎಂದು ಕೇಳುತ್ತಿದ್ದಳು. ಹಂಪಿಯ ಪುರಂದರ ಮಂಟಪ ಮುಳುಗಿತು ಎಂಬ ಸುದ್ದಿ ಬಂದರೆ, ಮುಂದಿನದು ಕಂಪ್ಲಿಯ ಸೇತುವೆ. ದೊಡ್ಡಪ್ಪ ಸೇತುವೆ ದಾಟಿ ಗಂಗಾವತಿಯ ಅಕ್ಕಿ ಗಿರಣಿಗೆ ಹೋಗಿಬರುತ್ತಿದ್ದವರು. ಸೇತುವೆ ಮುಳುಗಿದ ರಾತ್ರಿ ಅವರು ಆಚೆ ದಡದಲ್ಲಿ, ದೊಡ್ಡಮ್ಮ ಈಚೆ ದಡದಲ್ಲಿ, ಅಜ್ಜಿ ಜಪಮಾಲೆಯಲ್ಲಿ. ತಾನೇ ಕಲ್ಲು–ಗಾರೆ ಹೊತ್ತು ನಿಲ್ಲಿಸಿದ ನೀರು ತನ್ನ ಮಗಳ ಮನೆಯ ಬಾಗಿಲಿಗೇ ಹೋಗುವುದು ಅವಳಿಗೆ ಬಗೆಹರಿಯದ ವ್ಯಾಜ್ಯವಾಗಿತ್ತು.

ಸಂಡೂರಿನ ಪಾಲು ಇನ್ನೊಂದು ತರಹ. ಮಾವ ಮನೆಗೆ ಬಂದರೆ ಅಂಗಿ, ಕಿವಿ, ಕಣ್ಣರೆಪ್ಪೆ ಎಲ್ಲ ಕೆಂಪು. ಆ ಬಟ್ಟೆಯನ್ನು ಮೂರು ನೀರಿನಲ್ಲಿ ಹಿಂಡಿದರೂ ಬಣ್ಣ ಬಿಡುತ್ತಿತ್ತು. "ಈ ಧೂಳು ಒಮ್ಮೆ ಹೋಗಲಿ" ಎಂದು ಅಜ್ಜಿ ವರ್ಷಗಟ್ಟಲೆ ಬೇಡಿಕೊಂಡಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ರಸ್ತೆ ಬದಿ ಸಾಲುಗಟ್ಟಿ ನಿಂತವು, ಮಾವನ ಅಂಗಿ ಬೆಳ್ಳಗಾಯಿತು, ಜೇಬೂ ಖಾಲಿಯಾಯಿತು. ಅಂದು ಸಂಜೆ ಅಜ್ಜಿ ಪಟದ ಮುಂದೆ ಕೂತು ಕನ್ನಡದಲ್ಲೇ ಶುರು ಮಾಡಿದಳು: "ನಾನು ಧೂಳು ಹೋಗ್ಲಿ ಅಂದಿದ್ದೆ ತಾಯಿ, ಕೆಲ್ಸ ಹೋಗ್ಲಿ ಅಂದಿರ್ಲಿಲ್ಲ." ಪಟದ ಜೊತೆ ಅವಳು ಜಗಳದ ಭಾಷೆಯಲ್ಲಿ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕಾಲೇಜಿನಲ್ಲಿದ್ದಾಗ ನಾನು ಅವಳಿಗೆ ರಾಯರ ಕೆರೆಯ ಕಥೆ ಹೇಳಿದ್ದೆ. ಕೃಷ್ಣದೇವರಾಯ ಆ ಕೆರೆಗೆ ಏರಿ ಹಾಕಿಸುವಾಗ ಜೊವಾವ್ ಡೆ ಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನೊಬ್ಬ ನೆರವಾದನೆಂದು ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆದಿದ್ದಾನೆ. ಏರಿ ಮತ್ತೆ ಮತ್ತೆ ಒಡೆದಾಗ ಅರಸ ನರಬಲಿ ಕೊಡಿಸಿದನೆಂದು ಅಂಥದೇ ಇನ್ನೊಬ್ಬ ಪ್ರವಾಸಿ ಪಾಯೆಸ್ ಬರೆದಿದ್ದಾನೆ. ನಮಗಿಂತ ನಾನ್ನೂರು ಚಿಲ್ಲರೆ ವರ್ಷ ಮೊದಲೇ ಈ ಊರಲ್ಲಿ ನಮ್ಮ ಮತದವನೊಬ್ಬ ನೀರು ಕಟ್ಟಿದ್ದ ಎಂಬ ಹೆಮ್ಮೆಯಿಂದ ನಾನು ಹೇಳಿದ್ದು. ಅಜ್ಜಿಯ ಮನಸ್ಸು ಬೇರೆ ಕಡೆ ನಿಂತಿತು. "ಅಷ್ಟು ಮಂದೀನ ಕಡಿಯೋ ಬದ್ಲು ಅವ್ನು ಒಂದು ಜಪಮಾಲೆ ಹೇಳಬಾರ್ದಾಗಿತ್ತೇನು?" ಎಂದಳು. ನಾಲ್ಕನೇ ಹತ್ತು ಮಣಿಯನ್ನು ಅವಳು ಒಂದು ದಿನವೂ ಯಾಕೆ ಬಿಡುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ಅವಳ ಪಾಲಿಗೆ ಅದು ಡ್ಯಾಮಿಗೆ ಕೊಡುವ ಬಲಿ, ರಕ್ತವಿಲ್ಲದ್ದು.

2013ರ ತಪಸ್ಸುಕಾಲದಲ್ಲಿ, ಬೂದಿ ಬುಧವಾರದಿಂದ ಬಿಟ್ಟಿದ್ದ ಚಹಾ ಮತ್ತೆ ಕುಡಿಯುವ ಮೊದಲೇ, ಅಜ್ಜಿ ತೀರಿಕೊಂಡಳು. ಜಪ ಮನೆಯಲ್ಲಿ ಮುಂದುವರಿಯಿತು, ಕನ್ನಡದಲ್ಲಿ, ಚುಟುಕಾಗಿ, ಟಿವಿಯ ದನಿ ತಗ್ಗಿಸಿಕೊಂಡು. ಯಾವ ಹತ್ತು ಯಾರಿಗೆಂದು ಯಾರೂ ಹೇಳುತ್ತಿರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಫೋನು ಬಂದದ್ದು ಕಂಪ್ಲಿಯಿಂದ. ದೊಡ್ಡಮ್ಮ ನೀರೆಷ್ಟು ಎಂದು ಕೇಳಲಿಲ್ಲ. "ನಾಕನೇ ಹತ್ತು ಯಾರು ಹೇಳ್ತಿದ್ರಿ?" ಎಂದರು. ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಆಚೆಯಿಂದ ಬೈಗುಳವೇನೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದೊಡ್ಡಮ್ಮ ತೆಲುಗಿನಲ್ಲಿ ಶುರು ಮಾಡಿದರು, ಅಜ್ಜಿಯದೇ ಧಾಟಿಯಲ್ಲಿ, ನಡುನಡುವೆ ತಡವರಿಸುತ್ತ. ಅಮ್ಮ ಮಂಡಿಯೂರಿದಳು. ತೆಲುಗು ಬಾರದ ನಾನು ಇಬ್ಬರಿಗೂ ಕೇಳಿಸುವ ಹಾಗೆ ಫೋನು ಹಿಡಿದುಕೊಂಡು ನಿಂತೆ.