ತಿನ್ನೋ ದ್ರಾಕ್ಷಿ ಬೇರೆ, ಒಣಗಿಸೋ ದ್ರಾಕ್ಷಿ ಬೇರೆ

ಹೋದ ವರ್ಷ ನಮ್ಮ ಮನೆಯಲ್ಲಿ ದೊಡ್ಡ ಜಗಳ ಆಯ್ತು. ಆಸ್ತಿ ಜಗಳ ಅಲ್ಲ, ದ್ರಾಕ್ಷಿ ತಳಿಯ ಜಗಳ.

ತಿಕೋಟಾ ಹತ್ತಿರ ನಮ್ಮದು ಎರಡು ಎಕರೆ ಪಡ. ಹಳೇ ಬಳ್ಳಿ ಕಿತ್ತು, ಸಾಲ ಮಾಡಿ ಹೊಸ ಗಿಡ ನೆಟ್ಟಿದ್ದೆವು. ಅದಕ್ಕೆ ಯಾವ ತಳಿ ಕಸಿ ಕಟ್ಟೋದು? ಅಣ್ಣ ಸೋನಾಕಾ ಅಂದ. ಉದ್ದ ಕಾಯಿ, ನೋಡೋಕೆ ಚೆಂದ. ಅಪ್ಪ ಥಾಮ್ಸನ್ ಸೀಡ್‌ಲೆಸ್ ಬಿಡಲಿಲ್ಲ. "ನಾವು ಹಣ್ಣು ಮಾರೋರಲ್ಲೋ ತಮ್ಮಾ, ಒಣಗಿಸಿ ಮಾರೋರು" ಅಂದರು. ತಪ್ಪಿದರೆ ಹತ್ತು-ಹದಿನೈದು ವರ್ಷ ಅದೇ ಬಳ್ಳಿ ಜೊತೆ ಬಾಳಬೇಕು.

ಬಬಲೇಶ್ವರದಲ್ಲಿ ನಮ್ಮ ಸೋದರಮಾವನ ಒಣದ್ರಾಕ್ಷಿ ಶೆಡ್ ಇದೆ. ಕೇಳೋಣ ಅಂತ ಹೋದೆ. ಮಾವ ಸಕ್ಕರೆ ಅಳೆಯೋ ಬ್ರಿಕ್ಸ್ ಮೀಟರ್ ಕೈಗೆ ಕೊಟ್ಟರು. ಶೆಡ್ಡಿಗೆ ಬಂದಿದ್ದ ಥಾಮ್ಸನ್ ರಸ ಒಂದು ಹನಿ ಬಿಟ್ಟೆ: 23. ಪೇಟೆಗೆಂದು ಔಷಧಿ ಹೊಡೆದು ದಪ್ಪ ಮಾಡಿ, ಬೇಗ ಕೊಯ್ದಿದ್ದ ಉದ್ದ ಕಾಯಿ: 18.

"ನೋಡವ್ವಾ, ನೀರು ಆರಿ ಹೋಗ್ತದ, ಸಕ್ಕರಿ ಅಷ್ಟೇ ಉಳೀತದ" ಅಂದರು ಮಾವ.

ಲೆಕ್ಕ ಹಾಕಿದೆ. 23 ಇದ್ದರೆ ಸುಮಾರು 4 ಕೆಜಿ ಹಣ್ಣಿಗೆ 1 ಕೆಜಿ ಒಣದ್ರಾಕ್ಷಿ. 18 ಇದ್ದರೆ 5 ಕೆಜಿ ಹತ್ತಿರ ಬೇಕು. 10 ಟನ್ ಹಣ್ಣಿಗೆ ನಾಲ್ಕೈದು ಕ್ವಿಂಟಲ್ ಕಡಿಮೆ! ಪೊಟ್ಯಾಶಿಯಂ ಕಾರ್ಬೋನೇಟ್, ಡಿಪ್ಪಿಂಗ್ ಆಯಿಲ್ ನೀರಲ್ಲಿ ಅದ್ದೋದು, ನೆರಳಲ್ಲಿ 12ರಿಂದ 15 ದಿನ ಒಣಗಿಸೋದು, ಕೂಲಿ, ಎಲ್ಲಾ ಖರ್ಚು ಮಾತ್ರ ಅಷ್ಟೇ.

ಹಾಗಂತ ಸೋನಾಕಾ ಕೆಟ್ಟ ತಳಿ ಅಲ್ಲ. ಅದರದ್ದೂ ಒಣದ್ರಾಕ್ಷಿ ಆಗುತ್ತೆ, ಉದ್ದ ಕಾಳಿಗೆ ಗಿರಾಕಿಯೂ ಇದ್ದಾರೆ. ಆದರೆ ಯಾವ ತಳಿ ಆದರೂ ಸಕ್ಕರೆ 22 ದಾಟೋವರೆಗೆ ಕಾಯಬೇಕು. ಕಾಯುವಾಗ ಅಕಾಲ ಮಳೆ ಬಂದರೆ ಎಲ್ಲಾ ಹೋಯ್ತು. ಆ ಹೆದರಿಕೆಗೇ ನಾವು ಎಷ್ಟೋ ಸಲ ಬೇಗ ಕೊಯ್ದಿದ್ದೇವೆ.

ಮಾವ ಎರಡೂ ಥರದ ಒಣದ್ರಾಕ್ಷಿ ಕಟ್ಟಿಕೊಟ್ಟರು. ಅವ್ವ ಶಿರಾಕ್ಕೆಂದು ತುಪ್ಪದಲ್ಲಿ ಹುರಿದಳು. 23ರ ಕಾಳು ಗುಂಡಗೆ ಉಬ್ಬಿತು. 18ರ ಕಾಳು ಚಪ್ಪಟೆಯಾಗೇ ಉಳಿದು ಕರಕಲಾಯ್ತು. ಅಣ್ಣ ಎರಡನ್ನೂ ಬಾಯಿಗೆ ಹಾಕಿಕೊಂಡ. ಏನೂ ಅನ್ನಲಿಲ್ಲ.

ಕೊನೆಗೆ ಒಂದೂವರೆ ಎಕರೆ ಥಾಮ್ಸನ್, ಅರ್ಧ ಎಕರೆ ಸೋನಾಕಾ ಕಸಿ ಕಟ್ಟಿದೆವು. ಅಣ್ಣ ಈಗ ಬ್ರಿಕ್ಸ್ ಮೀಟರ್ ಕೊಂಡಿದ್ದಾನೆ. ನೀವೂ ಹೊಸ ಪಡ ಮಾಡೋರಿದ್ದರೆ, ಕಾಯಿಯ ಚೆಂದ ನೋಡಬೇಡಿ. ಅದು ಕೊನೆಗೆ ಏನಾಗಬೇಕು ಅನ್ನೋದನ್ನ ಮೊದಲು ಮನೆಮಂದಿ ಕೂತು ಮಾತಾಡಿ.