ಯಾವಾಗ ಕಟ್ಟಿದ್ದು?

ಊರಿಗೆ ಹೋದಾಗ ಕೆಲಸ ಏನೆಂದು ಕೇಳಿದವರಿಗೆ ‘ದೆಹಲಿಯಲ್ಲಿ ಸರ್ಕಾರದ ಕಡೆ ವಕೀಲ’ ಎಂದು ಹೇಳಿ ಪಾರಾಗಲು ನೋಡುತ್ತೇನೆ. ‘ಕೊಲೆ ಕೇಸಾ?’ ಎಂದು ಕಣ್ಣರಳಿಸುತ್ತಾರೆ. ಅಲ್ಲ, ಬಾಲ್ಕನಿ ಕೇಸು ಎಂದ ಕೂಡಲೇ ಮಾತು ಮಳೆ ಬೆಳೆಗೆ ತಿರುಗುತ್ತದೆ. ರಾಜಧಾನಿಯ ಒಂದು ಸ್ಥಳೀಯ ಸಂಸ್ಥೆಯ ಪ್ಯಾನಲ್ಲಿನಲ್ಲಿದ್ದೇನೆ. ಯಾವುದೆಂದು ಬರೆಯುವುದು ನನ್ನ ವಕಾಲತ್ತಿಗೆ ಕ್ಷೇಮವಲ್ಲ. ವಾಸಕ್ಕೆಂದು ನಕ್ಷೆ ಮಂಜೂರಾದ ಕಡೆ ಅಂಗಡಿ, ಕಾರು ನಿಲ್ಲಬೇಕಾದ ಕಡೆ ಬ್ಯೂಟಿ ಪಾರ್ಲರ್, ಮೂರಂತಸ್ತಿನ ನೆತ್ತಿಯ ಮೇಲೆ ರಾತ್ರೋರಾತ್ರಿ ಎದ್ದ ನಾಲ್ಕನೆಯದು. ನೋಟಿಸು ಹೋಗುತ್ತದೆ, ಮಾಲೀಕ ಕೋರ್ಟಿಗೆ ಓಡುತ್ತಾನೆ, ಅವನ ಎದುರು ನಾನು ನಿಲ್ಲುತ್ತೇನೆ.

ಕಾಗದದ ಮೇಲೆ ಇದು ಬಣ್ಣಗಳ ಕಾನೂನು. 1957ರಲ್ಲಿ ದೆಹಲಿ ಅಭಿವೃದ್ಧಿ ಕಾಯ್ದೆ ಬಂತು, ಪ್ರಾಧಿಕಾರ ಹುಟ್ಟಿತು, 1962ರ ಸೆಪ್ಟೆಂಬರಿನಲ್ಲಿ ಮೊದಲ ಮಾಸ್ಟರ್ ಪ್ಲಾನ್ ಜಾರಿಯಾಯಿತು. ನಕ್ಷೆಯಲ್ಲಿ ಹಳದಿ ಬಳಿದ ಕಡೆ ಜನ, ಹಸಿರು ಬಳಿದ ಕಡೆ ಗಿಡಮರ. 2001 ಎಂಬ ಹೆಸರಿನ ಎರಡನೆಯ ಪ್ಲಾನಿಗೆ ಅಧಿಸೂಚನೆ ಹೊರಟದ್ದು 1990ರಲ್ಲಿ. 2021 ಎಂಬ ಹೆಸರಿನ ಮೂರನೆಯದು ಬಂದದ್ದು 2007ರ ಫೆಬ್ರುವರಿ 7ರಂದು. ಪ್ಲಾನು ಬರಲಿ ಎಂದು ಊರು ಕಾದು ಕೂರಲಿಲ್ಲ. ದೇಶ ವಿಭಜನೆಯಾದಾಗ ಬಂದವರಿಗೂ ಹೊಟ್ಟೆಪಾಡಿಗೆ ಬಂದವರಿಗೂ ಸೂರು ಬೇಕಿತ್ತು, ಕಟ್ಟಿಕೊಂಡರು. ಹಾಗಾಗಿ ಕೋರ್ಟಿನಲ್ಲಿ ಬಣ್ಣದ ಮಾತು ಐದು ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ವರ್ಷಗಟ್ಟಲೆ ಎಳೆದಾಡುವುದು ಒಂದೇ ಪ್ರಶ್ನೆ: ಯಾವಾಗ ಕಟ್ಟಿದ್ದು?

ಈ ಪ್ರಶ್ನೆಗೆ ಇಷ್ಟು ಬೆಲೆ ಬಂದದ್ದು 2006ರಲ್ಲಿ. ಪರಿಸರದ ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಹಾಕಿದ್ದ 4677ನೇ ನಂಬರಿನ ಅರ್ಜಿಯಲ್ಲಿ ಸುಪ್ರೀಂ ಕೋರ್ಟು ಆ ಫೆಬ್ರುವರಿ 16ರಂದು, ವಸತಿ ಜಾಗದಲ್ಲಿ ನಡೆಯುವ ವ್ಯಾಪಾರಕ್ಕೆ ಬೀಗ ಜಡಿಯಿರಿ ಎಂದಿತು. ಮಾರ್ಚಿನಲ್ಲಿ ಉಸ್ತುವಾರಿ ಸಮಿತಿ ಬಂತು: ಚುನಾವಣಾ ಆಯೋಗದಲ್ಲಿ ಹೆಸರು ಮಾಡಿದ್ದ ಕೆ.ಜೆ. ರಾವ್, ಭೂರೇ ಲಾಲ್, ನಿವೃತ್ತ ಮೇಜರ್ ಜನರಲ್ ಸೋಮ್ ಝಿಂಗೋನ್. ಆಗ ನಾನಿನ್ನೂ ಜೂನಿಯರ್, ಫೈಲು ಹೊರುವವನು. ಸೀಲ್ ಹಾಕುವುದನ್ನು ಹತ್ತಿರದಿಂದ ನೋಡಿದ್ದು ಆಗಲೇ. ಶಟರ್ ಎಳೆದು, ಬೀಗಕ್ಕೆ ಬಿಳಿ ಬಟ್ಟೆ ಸುತ್ತಿ, ಮೇಣದಬತ್ತಿಯಲ್ಲಿ ಅರಗು ಕರಗಿಸಿ ತೊಟ್ಟಿಕ್ಕಿಸಿ, ಹಿತ್ತಾಳೆಯ ಮುದ್ರೆ ಒತ್ತುತ್ತಾರೆ. ಬಿಸಿಲಿಗೆ ಅರಗು ಬೇಗ ಗಟ್ಟಿಯಾಗದೆ ಜೆಇ, ಅಂದರೆ ಜೂನಿಯರ್ ಎಂಜಿನಿಯರ್, ಸಾಹೇಬರು ಅದರ ಮೇಲೆ ಉಫ್ ಉಫ್ ಎಂದು ಊದುತ್ತಿದ್ದರು. ಪಕ್ಕದಲ್ಲಿ ಅಂಗಡಿಯವನು ಅವರಿಗೇ ನೀರಿನ ಲೋಟ ಹಿಡಿದು ನಿಂತಿದ್ದ.

ಮೇ ತಿಂಗಳಲ್ಲಿ ಸಂಸತ್ತು ವಿಶೇಷ ಕಾಯ್ದೆ ತಂದು ಎಲ್ಲವನ್ನೂ ಒಂದು ವರ್ಷದ ಮಟ್ಟಿಗೆ ತಡೆಹಿಡಿಯಿತು. ಅಷ್ಟಕ್ಕೇ ತಣ್ಣಗಾಗಲಿಲ್ಲ, ಸೆಪ್ಟೆಂಬರಿನಲ್ಲಿ ಸೀಲಂಪುರದಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. 2007, 2009, 2011, 2014, 2017, 2020, 2023, ಹೀಗೆ ಕಾಯ್ದೆಯ ಆಯುಸ್ಸು ಬೆಳೆಯುತ್ತಲೇ ಬಂದಿದೆ. ಅದರೊಳಗೆ ತಾರೀಖುಗಳು: ಅನಧಿಕೃತ ಬಡಾವಣೆ ಮತ್ತು ಹಳ್ಳಿಯ ಆಬಾದಿಗೆ (ವಾಸದ ಭಾಗಕ್ಕೆ) 2014ರ ಜೂನ್ 1, ಊರಿನ ಉಳಿದ ಭಾಗಕ್ಕೆ 2007ರ ಫೆಬ್ರುವರಿ 8. ಆ ದಿನಕ್ಕೆ ಮೊದಲು ಗೋಡೆ ಎದ್ದಿದ್ದರೆ ಸದ್ಯಕ್ಕೆ ಯಾರೂ ಮುಟ್ಟುವಂತಿಲ್ಲ. ಒಂದು ವಾರ ತಡವಾಗಿದ್ದರೆ ಅದೇ ಗೋಡೆ, ಅದೇ ಇಟ್ಟಿಗೆ, ನೆಲಸಮಕ್ಕೆ ಅರ್ಹ.

ಹಾಗಾಗಿ ಇಡೀ ಊರು ಪುರಾವೆ ಜೋಪಾನ ಮಾಡುತ್ತದೆ. ಹಳೆಯ ಕರೆಂಟ್ ಬಿಲ್ಲು, ಮನೆ ಕಂದಾಯದ ರಸೀದಿ, ನೀರಿನ ಮೀಟರಿನ ಅರ್ಜಿ. ಲಾಜಪತ ನಗರದ ಒಬ್ಬ ಹಿರಿಯರು ನ್ಯಾಯಮಂಡಳಿಗೆ ಮಗಳ ಮದುವೆಯ ಆಲ್ಬಮ್ಮನ್ನೇ ಹೊತ್ತು ತಂದಿದ್ದರು. ತಾರಸಿಯ ಮೇಲೆ ಮೆಹಂದಿ ಶಾಸ್ತ್ರ, ಹಿಂದೆ ವಿವಾದದ ಕೋಣೆಯ ಕಿಟಕಿ, ಫೋಟೊದ ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕಿಗಳಲ್ಲಿ 2006ರ ಡಿಸೆಂಬರು. ಕ್ಯಾಮೆರಾದ ತಾರೀಖನ್ನು ಯಾರು ಬೇಕಾದರೂ ತಿರುಗಿಸಬಹುದು ಎಂದು ಹೇಳುವುದು ನನ್ನ ಧರ್ಮ, ಹೇಳಿದೆ. ಹಿರಿಯರು ತಣ್ಣಗೆ, ‘ವಕೀಲ್ ಸಾಬ್, ಕ್ಯಾಮೆರಾ ತಿರುಗಿಸಬಹುದು. ಮದುವೆ ಮಂಟಪದವನ ಬಿಲ್ಲೂ ಇದೆ, ಮೊಮ್ಮಗನ ಜನನ ಪ್ರಮಾಣಪತ್ರವೂ ಇದೆ. ಹುಡುಗ ಹುಟ್ಟಿದ್ದು 2007ರ ಅಕ್ಟೋಬರಿನಲ್ಲಿ’ ಎಂದರು. ಅಷ್ಟು ಸಂಕೋಚವಿಲ್ಲದ ಸಾಕ್ಷ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ನ್ಯಾಯಾಧೀಶರು ತಲೆ ಬಗ್ಗಿಸಿಕೊಂಡು ಬಹಳ ಹೊತ್ತು ಬರೆದುಕೊಂಡರು.

ಇನ್ನು ‘ಲಾಲ್ ಡೋರಾ’. ಬ್ರಿಟಿಷರ ಕಾಲದ ಬಂದೋಬಸ್ತಿನಲ್ಲಿ ಹಳ್ಳಿಯ ವಾಸದ ಭಾಗಕ್ಕೆ ನಕ್ಷೆಯ ಮೇಲೆ ಕೆಂಪು ಗೆರೆ ಸುತ್ತಿದರು; ನಮ್ಮ ಕಡೆಯ ಗ್ರಾಮಠಾಣಾ ಇದ್ದ ಹಾಗೆ. ಅದರೊಳಗೆ ಮನೆ ಕಟ್ಟಲು ನಕ್ಷೆ ಮಂಜೂರಾತಿ ಬೇಡ ಎಂದು 1963ರಲ್ಲಿ ಅಧಿಸೂಚನೆ ಹೊರಟಿತು. ದನ ಕಟ್ಟುವವನ ಅನುಕೂಲಕ್ಕೆ ಬರೆದ ಆ ಸಾಲುಗಳ ನೆರಳಿನಲ್ಲಿ ಇಂದು ಹೌಜ್ ಖಾಸ್ ಹಳ್ಳಿಯ ಬಾರುಗಳೂ ಶಾಹಪುರ ಜಾಟ್‌ನ ಡಿಸೈನರ್ ಲೆಹೆಂಗಾಗಳೂ ನಿಂತಿವೆ.

ಕೇಸು ಗೆದ್ದರೂ ಕಟ್ಟಡ ಬೀಳುತ್ತದೆ ಎಂದಿಲ್ಲ. ನಮ್ಮ ಕಸುಬಿನಲ್ಲಿ ‘ಪಂಕ್ಚರ್’ ಎಂಬುದಿದೆ. ಗ್ಯಾಂಗು ಬಂದು ಚಾವಣಿಗೆ ನಾಲ್ಕು ತೂತು ಹೊಡೆದು, ಕಬ್ಬಿಣದ ಸರಳನ್ನು ಗ್ಯಾಸ್ ಕಟರಿನಲ್ಲಿ ಕತ್ತರಿಸಿ, ಫೋಟೊ ತೆಗೆದುಕೊಂಡು ಹೋಗುತ್ತದೆ. ‘ತೆರವು ಕ್ರಮ ಜರುಗಿಸಲಾಗಿದೆ’ ಎಂಬ ಸ್ಟೇಟಸ್ ರಿಪೋರ್ಟು ನನ್ನ ಕೈ ಸೇರುವಷ್ಟರಲ್ಲಿ ತೂತಿಗೆ ಸಿಮೆಂಟು ಬಿದ್ದಿರುತ್ತದೆ. ನಿಜಕ್ಕೂ ಬಿದ್ದ ಕಟ್ಟಡ ಬೇಕೆಂದರೆ ನೊಯ್ಡಾದ 93ಎ ಸೆಕ್ಟರಿಗೆ ಹೋಗಬೇಕು. ಪಕ್ಕದ ಕಟ್ಟಡದಿಂದ 16 ಮೀಟರ್ ದೂರ ಇರಬೇಕಾದ ಕಡೆ 9 ಮೀಟರ್ ಬಿಟ್ಟು ಎಬ್ಬಿಸಿದ್ದ ಅವಳಿ ಗೋಪುರಗಳು 2022ರ ಆಗಸ್ಟ್ 28ರ ಮಧ್ಯಾಹ್ನ ಕೆಲವೇ ಸೆಕೆಂಡುಗಳಲ್ಲಿ ಧೂಳಾದವು. ಅದಕ್ಕಾಗಿ ಅಲ್ಲಿನ ನಿವಾಸಿಗಳೇ ವರ್ಷಗಟ್ಟಲೆ ಕೋರ್ಟು ಸುತ್ತಿದ್ದರು.

ಬೆಂಗಳೂರಿನ ತಂಗಿಗೆ ನನ್ನ ವೃತ್ತಿಯ ನೆನಪು ಬರುವುದು ಕಟ್ಟಡದ ವಿಷಯಕ್ಕೆ ಮಾತ್ರ. ‘ಅಣ್ಣಾ, 2013ರ ಅಕ್ಟೋಬರ್ 19ಕ್ಕೆ ಮುಂಚೇನೇ ಕಟ್ಟಿದ್ದು ಅಂತ ಹೇಗೆ ತೋರಿಸೋದು?’ ಎಂದು ಫೋನು ಮಾಡಿದ್ದಳು. ಅಕ್ರಮ–ಸಕ್ರಮದ ಗಡುವು ಅದು. ಅವಳ ಮನೆಯ ಸೆಟ್‌ಬ್ಯಾಕ್ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಅಲ್ಲಿ ಈಗ ದೇವರ ಮನೆ ಇದೆ. ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ತಂಗಿಯ ಬಿಲ್ಲುಗಳ ಕಟ್ಟು ಮಾತ್ರ ಬೀರುವಿನಲ್ಲಿ ಭದ್ರವಾಗಿದೆ.

ಇದನ್ನೆಲ್ಲ ನಗುನಗುತ್ತಾ ಹೇಳಿಕೊಂಡು ತಿರುಗುತ್ತಿದ್ದೆ, 2024ರ ಜುಲೈ 27ರವರೆಗೆ. ಅಂದು ಓಲ್ಡ್ ರಾಜಿಂದರ್ ನಗರದ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಐಎಎಸ್ ಕನಸಿನ ಮೂವರು ಮಕ್ಕಳು ಮುಳುಗಿ ಸತ್ತರು. ಸಾಮಾನು ಇಡಲು, ವಾಹನ ನಿಲ್ಲಿಸಲು ಮಂಜೂರಾಗಿದ್ದ ಜಾಗದಲ್ಲಿ ಗ್ರಂಥಾಲಯ ನಡೆಯುತ್ತಿತ್ತು. ಆ ಗಲ್ಲಿಗಳಲ್ಲಿ ಧಾರವಾಡದ, ಕಲಬುರಗಿಯ ಹುಡುಗ ಹುಡುಗಿಯರೂ ಕಿಷ್ಕಿಂಧೆಯಂಥ ಕೋಣೆಗಳಲ್ಲಿದ್ದಾರೆ. ಆ ರಾತ್ರಿ ಪರಿಚಯದ ತಂದೆತಾಯಿಯರ ಫೋನುಗಳು ನಿಲ್ಲಲಿಲ್ಲ. ನೆಲಮಾಳಿಗೆಯಲ್ಲಿ ಜನ ಕೂರಬಾರದು ಎಂಬ ಸಾಲನ್ನು ನಾನು ಎಷ್ಟೋ ಪ್ರತಿವಾದಪತ್ರಗಳಲ್ಲಿ ಹಿಂದಿನದರಿಂದ ನಕಲು ಮಾಡಿ ಹಾಕಿದ್ದವನು. ಈಗ ಆ ಸಾಲನ್ನು ಹೊಸದಾಗಿ, ಕಟ್ಟಡಕ್ಕೆ ಮೆಟ್ಟಿಲೆಷ್ಟು, ಬಾಗಿಲೆಷ್ಟು, ಚರಂಡಿ ಎಷ್ಟು ದೂರ ಎಂದು ಜೆಇಗೆ ಕೇಳಿ ಬರೆಸುತ್ತೇನೆ. ತಾರೀಖಿನ ಕಾನೂನಿನಲ್ಲಿ ಈ ಪ್ರಶ್ನೆಗಳಿಗೆ ಜಾಗವೇ ಇಲ್ಲ. 2007ಕ್ಕೆ ಮುಂಚೆ ಕಟ್ಟಿದ ಒಂದೇ ಬಾಗಿಲಿನ ನೆಲಮಾಳಿಗೆಗೆ ಮಳೆನೀರು ಕಡಿಮೆ ನುಗ್ಗುತ್ತದೆಯೇ?

ಹಾಗೆ ನೋಡಿದರೆ ನನ್ನ ಕಚೇರಿಯೂ ಜಂಗಪುರದ ಒಂದು ವಸತಿ ಕಟ್ಟಡದಲ್ಲಿದೆ. ವಕೀಲರು, ವೈದ್ಯರು ಮನೆಯ ಒಂದು ಭಾಗದಲ್ಲಿ ವೃತ್ತಿ ನಡೆಸಲು ಮಾಸ್ಟರ್ ಪ್ಲಾನಿನ ಒಪ್ಪಿಗೆ ಇದೆ. ಆ ನಿಯಮ ಬರೆದವರ ಮನೆಯಲ್ಲಿ ವಕೀಲರು ಎಷ್ಟು ಜನರಿದ್ದರೋ.

ವಿಶೇಷ ಕಾಯ್ದೆಯ ಈಗಿನ ಗಡುವು 2026ರ ಡಿಸೆಂಬರ್ 31. ಎದುರು ಪಕ್ಷದ ಗೆಳೆಯರೊಬ್ಬರು ಕ್ಯಾಂಟೀನಿನಲ್ಲಿ ಪಂಥಕ್ಕೆ ಕರೆದರು: ಇನ್ನೂ ಮೂರು ವರ್ಷ ಖಂಡಿತ ಬೆಳೆಯುತ್ತದೆ, ಸೋತವರು ಚೋಲೆ ಭಟೂರೆ ಕೊಡಿಸಬೇಕು. ನಾನೂ ಅದನ್ನೇ ಹೇಳುವವನಿದ್ದೆ. ಇಬ್ಬರೂ ಒಂದೇ ಕಡೆ ಕಟ್ಟಿದ್ದರಿಂದ ಪಂಥ ಮುರಿದುಬಿತ್ತು, ಬಿಲ್ಲು ಹಂಚಿಕೊಂಡೆವು.