ನಲ್ಲಿ ಮುಟ್ಟಿದರೆ ಜುಮ್!

ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ತು ಬಂದದ್ದು 1905ರಲ್ಲಿ. ಚಾಮರಾಜಪೇಟೆಯ ನಮ್ಮ ಹೆಂಚಿನ ಮನೆಗೆ ತಾತನ ಕಾಲದಲ್ಲಿ. ತೇಗದ ಪಟ್ಟಿ, ಅದರ ಮೇಲೆ ರಬ್ಬರು ಹೊದಿಸಿದ ತಂತಿ, ಗುಂಡನೆಯ ಕಪ್ಪು ಸ್ವಿಚ್ಚು. ನಾಲ್ಕು ಬಲ್ಬು, ಒಂದು ರೇಡಿಯೋಗೆಂದು ಎಳೆದದ್ದು. ಆಮೇಲೆ ಮಿಕ್ಸಿ, ಫ್ರಿಜ್ಜು, ಹಂಡೆ ಹೋಗಿ ಗೀಸರು, ಎಲ್ಲವೂ ಅದಕ್ಕೇ ಜೋತುಬಿದ್ದವು. ತಂತಿಯಲ್ಲಿ ಕರೆಂಟು ಎರಡರಷ್ಟಾದರೆ ಕಾವು ನಾಲ್ಕರಷ್ಟಾಗುತ್ತದೆ. ಹೈಸ್ಕೂಲಿನ ಹುಡುಗರು ಬಾಯಿಪಾಠ ಮಾಡುವ ಈ ಸೂತ್ರ ಗೋಡೆಯ ಮೇಲೇ ಕಾಣುತ್ತದೆ: ಸ್ವಿಚ್ಚು ಮುಟ್ಟಿದರೆ ಬೆಚ್ಚಗೆ, ಮಿಕ್ಸಿ ಹಾಕಿದರೆ ದೀಪ ಮಂಕು, ರಬ್ಬರು ಸುಟ್ಟ ಕಮಟು.

ನಮ್ಮಮ್ಮ ಹೇಳಿದ್ದು ಬೇರೆ. ‘ಬಚ್ಚಲ ನಲ್ಲಿ ಮುಟ್ಟಿದ್ರೆ ಜುಮ್ ಅನ್ನತ್ತೆ ಕಣೋ.’ ವಯಸ್ಸಾಯ್ತು, ನರದ ದೌರ್ಬಲ್ಯ ಎಂದರು ಅಪ್ಪ. ಮರುದಿನ ಮೊಮ್ಮಗಳೂ ಕೈ ಕೊಡವಿಕೊಂಡು ಓಡಿಬಂದಳು.

ಎಲೆಕ್ಟ್ರಿಷಿಯನ್ ಮೊದಲು ಮೈನ್ ಆರಿಸಿ ಫ್ಯೂಸ್ ಕಿತ್ತು ನೋಡಿದ. ಎಳೆಯಂಥ ತಂತಿ ಇರಬೇಕಾದಲ್ಲಿ ಯಾರೋ ದಪ್ಪ ತಾಮ್ರ ಸುತ್ತಿದ್ದರು. ‘ಫ್ಯೂಸ್ ಉರಿದುಹೋಗಕ್ಕೇ ಇರೋದು ಸಾರ್. ಅದು ಉರೀದಿದ್ರೆ ಮನೆ ಉರಿಯತ್ತೆ.’ ಗೀಸರಿನ ಸಾಕೆಟ್ಟಿನ ದೊಡ್ಡ ತೂತಿಗೆ ತಂತಿಯೇ ಇರಲಿಲ್ಲ. ಸೋರಿದ ಕರೆಂಟು ಭೂಮಿಗಿಳಿಯಲು ನಲ್ಲಿ ಹಿಡಿದವರ ಮೈಯನ್ನೇ ದಾರಿ ಮಾಡಿಕೊಂಡಿತ್ತು.

ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ ಅರ್ಥಿಂಗ್ ಕೊಟ್ಟ. ಮನೆಗೆಲ್ಲ ಹೊಸ ವೈರು. ಎಂಸಿಬಿ ಸಾಲದೇ ಎಂದು ಅಪ್ಪನ ಚೌಕಾಶಿ. ಅದು ಕಾಯುವುದು ತಂತಿಯನ್ನು. ಮನುಷ್ಯರನ್ನು ಕಾಯಲು, 30 ಮಿಲಿಆಂಪಿಯರ್ ಸೋರುವಷ್ಟರಲ್ಲಿ ಲೈನು ಕಡಿಯುವ ಆರ್‌ಸಿಸಿಬಿಯೇ ಬೇಕು. ಹಾಕಿಸಿದೆವು.

ತೇಗದ ಪಟ್ಟಿಗಳನ್ನು ಮಾತ್ರ ಅಪ್ಪ ಎಸೆಯಗೊಡಲಿಲ್ಲ. ಅಟ್ಟದ ಮೇಲಿವೆ.